ತುಮಕೂರಿನಿಂದ ಕಡಲಿಗೆ ವ್ಯಾನ್ ಮನೆ: ನಿವೃತ್ತ ದಂಪತಿಗೆ ಸಮಗ್ರ ಮಾರ್ಗದರ್ಶಿ

ನಮಗೆ ಗೊತ್ತಿರುವ ಮೂರು ಜೋಡಿ ಈ ಚಳಿಗಾಲದಲ್ಲಿ ಮಲಗುವ ವ್ಯಾನ್ ತೆಗೆದುಕೊಂಡು ಕರಾವಳಿಗೆ ಹೊರಟರು. ಮೂರೂ ಜೋಡಿ ಅರ್ಧಕ್ಕೇ ವಾಪಸ್ ಬಂದರು. ಒಬ್ಬರಿಗೆ ಎರಡನೇ ರಾತ್ರಿ ಗಾಡಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ. ಇನ್ನೊಬ್ಬರಿಗೆ ಬ್ಯಾಟರಿ ಕೈಕೊಟ್ಟಿತು. ಮತ್ತೊಬ್ಬರಿಗೆ ಬೆನ್ನು ಹಿಡಿದುಕೊಂಡಿತು. ಕೂತು ಮಾತಾಡಿದಾಗ ಗೊತ್ತಾಯಿತು, ಮೂವರ ತಪ್ಪೂ ಒಂದೇ. ಮೊದಲು ಗಾಡಿ ಕೊಂಡರು, ಆಮೇಲೆ ಸಾಮಾನು ತುಂಬಿದರು, ಆಮೇಲೆ ದಾರಿ ನೋಡಿದರು. ರಾತ್ರಿ ಎಲ್ಲಿ ಮಲಗುವುದು ಅನ್ನುವುದನ್ನು ಕಡೆಗೆ ಬಿಟ್ಟರು.

ನಾನು ಮತ್ತು ನಮ್ಮನೆಯವರು ಇಬ್ಬರೂ ಕೆಲಸದಿಂದ ನಿವೃತ್ತರಾದವರು. ವರ್ಷಕ್ಕೊಮ್ಮೆ ಮೂರು ವಾರ ಹೊನ್ನಾವರದಿಂದ ಪಡುಬಿದ್ರಿವರೆಗೆ ವ್ಯಾನಿನಲ್ಲೇ ಇರುತ್ತೇವೆ. ನಮ್ಮ ಮೊದಲ ಪ್ರವಾಸವೂ ಕೆಟ್ಟಿತ್ತು. ಈಗ ಯಾವ ಕ್ರಮದಲ್ಲಿ ಮಾಡುತ್ತೇವೋ ಅದೇ ಕ್ರಮದಲ್ಲಿ ಬರೆದಿದ್ದೇನೆ. ದಯವಿಟ್ಟು ಕ್ರಮ ಬದಲಿಸಬೇಡಿ.

ಹಂತ 1: ಮೈ, ಮಾತ್ರೆ, ಲೈಸೆನ್ಸ್

ಹೊರಡುವ ಎರಡು ತಿಂಗಳ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಪ್ರವಾಸ ಹೋಗಬಹುದಾ ಅಂತ ಸುಮ್ನೆ ಕೇಳಬೇಡಿ. "ಮೂರು ವಾರ ಕರಾವಳಿಯ ಸೆಕೆಯಲ್ಲಿ ಇರುತ್ತೇವೆ, ಬೆವರು ಜಾಸ್ತಿ ಹೋಗುತ್ತೆ, ಮಾತ್ರೆ ಬದಲಿಸಬೇಕಾ" ಅಂತ ಕೇಳಿ. ಬಿಪಿಗೆ ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಪ್ರಶ್ನೆ ತುಂಬಾ ಮುಖ್ಯ. ಮೂತ್ರದಲ್ಲೂ ಬೆವರಿನಲ್ಲೂ ಉಪ್ಪು ಹೋದರೆ ತಲೆ ತಿರುಗುತ್ತದೆ, ಕಾಲಿನ ಮೀನಖಂಡ ಹಿಡಿಯುತ್ತದೆ. ನಾವು ತುಮಕೂರಿನವರು ಒಣ ಗಾಳಿಯಲ್ಲಿ ಬೆಳೆದವರು. ಕರಾವಳಿಯಲ್ಲಿ ಬೆವರು ಆರುವುದೇ ಇಲ್ಲ.

ಇನ್ಸುಲಿನ್ ಇದ್ದರೆ ಇನ್ನೂ ಎಚ್ಚರ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಬಳಸುತ್ತಿರುವ ಪೆನ್ನು 30 ಡಿಗ್ರಿ ಮೀರದಂತೆ ಹೊರಗೆ ಇಡಬಹುದು. ಸಾಮಾನ್ಯವಾಗಿ 28 ದಿನ, ಆದರೂ ನಿಮ್ಮ ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ವ್ಯಾನಿನ ಒಳಗೆ 40 ಡಿಗ್ರಿ ದಾಟುವುದು ದೊಡ್ಡ ವಿಷಯವೇ ಅಲ್ಲ. ಮನೆಯಲ್ಲಿ ಮಾಡುವ ಹಾಗೆ ಮಣ್ಣಿನ ಮಡಕೆಯಲ್ಲಿ ಇಡುತ್ತೇನೆ ಅನ್ನಬೇಡಿ. ಮಡಕೆ ತಣ್ಣಗಾಗುವುದು ನೀರು ಆವಿಯಾದಾಗ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುತ್ತದೆ, ಹಾಗಾಗಿ ಮಡಕೆ ಇಲ್ಲಿನಷ್ಟು ತಣ್ಣಗಾಗುವುದಿಲ್ಲ. ಏರ್ ಕೂಲರ್ ಕೂಡ ಇದೇ ಕಾರಣಕ್ಕೆ ಅಲ್ಲಿ ಕೆಲಸಕ್ಕೆ ಬಾರದು. ಇನ್ಸುಲಿನ್‌ಗೆ ಫ್ರಿಜ್ ಬೇಕೇ ಬೇಕು.

ಇಬ್ಬರ ಮಾತ್ರೆಯ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿನ ಒಳಗೆ ಅಂಟಿಸಿ. ಪಕ್ಕದಲ್ಲೇ 112, ಆಂಬ್ಯುಲೆನ್ಸಿಗೆ 108, ಹೆದ್ದಾರಿ ಸಹಾಯಕ್ಕೆ 1033 ಬರೆದಿಡಿ.

ಲೈಸೆನ್ಸ್ ನೋಡಿಕೊಳ್ಳಿ. 55 ದಾಟಿದವರಿಗೆ ಲೈಸೆನ್ಸ್ ಒಂದು ಸಲಕ್ಕೆ 5 ವರ್ಷಕ್ಕೆ ಮಾತ್ರ ನವೀಕರಣ ಆಗುತ್ತದೆ, ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಎಷ್ಟೋ ಜನರಿಗೆ ಅವಧಿ ಮುಗಿದಿರುವುದೇ ಗೊತ್ತಿರುವುದಿಲ್ಲ. ಅವಧಿ ಮುಗಿದ ಲೈಸೆನ್ಸಿನಲ್ಲಿ ಅಪಘಾತವಾದರೆ ವಿಮೆಯ ತಕರಾರು ಶುರುವಾಗುತ್ತದೆ.

ಇನ್ನೊಂದು. ಇಬ್ಬರಲ್ಲಿ ಒಬ್ಬರಿಗಾದರೂ ಕಣ್ಣಿನ ಪೊರೆ ಬೆಳೆಯುತ್ತಿದ್ದರೆ ಸಂಜೆ ಮೇಲೆ ಅವರು ಓಡಿಸುವುದು ಬೇಡ. ಎದುರಿನ ಲಾರಿಯ ಬೆಳಕು ಒಡೆದು ಹರಡಿದ ಹಾಗೆ ಕಂಡರೆ ಅದೇ ಸೂಚನೆ.

ಹಂತ 2: ರಾತ್ರಿಯ ಜಾಗ, ಗಾಡಿಗಿಂತ ಮುಂಚೆ

ಹೊರದೇಶದ ವಿಡಿಯೋಗಳಲ್ಲಿ ಕ್ಯಾಂಪ್‌ಗ್ರೌಂಡ್ ಇರುತ್ತದೆ. ಗಾಡಿ ನಿಲ್ಲಿಸಿ ಕರೆಂಟು, ನೀರು ಚುಚ್ಚಿಕೊಂಡು, ಕೊಳಕು ನೀರನ್ನು ಅಲ್ಲೇ ಬಿಟ್ಟು ಬರಬಹುದು. ನಮ್ಮ ಕರಾವಳಿಯಲ್ಲಿ ಅಂಥದ್ದು ಸಾಲಾಗಿ ಕಾದಿರುತ್ತದೆ ಅಂದುಕೊಂಡು ಹೋದರೆ ಎರಡನೇ ರಾತ್ರಿಯೇ ಕಷ್ಟ. ಬೀಚಿನಲ್ಲೇ ನಿಲ್ಲಿಸೋಣ ಅಂದರೆ ಪೊಲೀಸರು ರಾತ್ರಿ ಎಬ್ಬಿಸಿ ಕಳಿಸುತ್ತಾರೆ. ಅವರು ಮಾಡುವುದು ಸರಿಯೇ. ಕಡಲ ದಂಡೆ ಮೀನುಗಾರರು ಬದುಕು ಕಟ್ಟಿಕೊಂಡಿರುವ ಜಾಗ, ಬಲೆ ಒಣಗಿಸುವ ಜಾಗ. ಕೆಲವು ಕಡೆ ಆಮೆ ಮೊಟ್ಟೆ ಇಡುವ ಜಾಗವೂ ಹೌದು.

ಹಾಗಾದರೆ ಎಲ್ಲಿ? ನಮಗೆ ಒದಗಿದ್ದು ಇವು: ಅಂಗಳ ದೊಡ್ಡದಿರುವ ಹೋಂಸ್ಟೇ, ದೇವಸ್ಥಾನದ ಯಾತ್ರಿ ನಿವಾಸದ ಪಾರ್ಕಿಂಗ್, ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲಿನ ಆವರಣ, ಸಣ್ಣ ರೆಸಾರ್ಟು. ಇವುಗಳಲ್ಲಿ ಹೋಂಸ್ಟೇಯೇ ಒಳ್ಳೆಯದು. ನಾವು ಒಂದು ರೂಮಿನ ಅರ್ಧ ಬಾಡಿಗೆ ಕೊಡುತ್ತೇವೆ ಅಂತ ಮೊದಲೇ ಮಾತಾಡುತ್ತೇವೆ. ಕೆಲವರು ಒಪ್ಪುತ್ತಾರೆ, ಕೆಲವರು ಪೂರ್ತಿ ರೂಮು ತೆಗೆದುಕೊಳ್ಳಿ ಅನ್ನುತ್ತಾರೆ. ಮೂರು ದಿನಕ್ಕೊಮ್ಮೆ ಪೂರ್ತಿ ರೂಮು ತೆಗೆದುಕೊಳ್ಳಿ. ಬಿಸಿನೀರಿನ ಸ್ನಾನ, ಬಟ್ಟೆ ಒಗೆತ, ನೆಟ್ಟಗೆ ಬೆನ್ನು ಚಾಚುವುದು ಎಲ್ಲಾ ಆಗುತ್ತದೆ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಐದು. ಗೇಟು ಎಷ್ಟು ಅಗಲ? ಒಳಗೆ ಬರುವಾಗ ತಲೆ ಮೇಲೆ ಕರೆಂಟು ತಂತಿ, ಹಲಸಿನ ಕೊಂಬೆ ಇದೆಯಾ? ನೆಲ ಮಟ್ಟವಾಗಿದೆಯಾ, ಮಣ್ಣಾ, ಮರಳಾ, ಜಂಬಿಟ್ಟಿಗೆ ಕಲ್ಲಾ? ರಾತ್ರಿ ಎರಡು ಗಂಟೆಗೆ ಶೌಚಾಲಯ ತೆರೆದಿರುತ್ತಾ? 15 ಆಂಪಿಯರಿನ ದೊಡ್ಡ ಪ್ಲಗ್ ಇದೆಯಾ? ಇವುಗಳಲ್ಲಿ ಒಂದಕ್ಕೆ "ಬನ್ನಿ, ಬಂದ ಮೇಲೆ ನೋಡೋಣ" ಅಂದರೂ ಬೇರೆ ಕಡೆ ಕೇಳಿ. ಬಂದ ಮೇಲೆ ನೋಡೋಕೆ ನಮ್ಮ ವಯಸ್ಸಿನವರಿಗೆ ಶಕ್ತಿ ಉಳಿದಿರುವುದಿಲ್ಲ. ಗೇಟಿನ ಫೋಟೋ ಕಳಿಸಿ ಅಂತ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಮೀನು ಬಂದರಿನ ಪಕ್ಕ ಜಾಗ ಹಿಡಿಯಬೇಡಿ. ಬೆಳಗಿನ ಜಾವಕ್ಕೇ ದೋಣಿ, ಐಸ್ ಗಾಡಿ, ಹರಾಜು ಶುರುವಾಗುತ್ತದೆ. ಪೆಟ್ರೋಲ್ ಬಂಕು ಆಪತ್ತಿಗೆ ಆಗುತ್ತದೆ, ಆದರೆ ಮೊದಲ ಆಯ್ಕೆ ಅಲ್ಲ.

ದಿನ ಗುರುತು ಮಾಡುವಾಗ ಹಬ್ಬ ನೋಡಿ. ಡಿಸೆಂಬರ್ ಕಡೆಯ ವಾರ ಗೋಕರ್ಣ, ಮುರುಡೇಶ್ವರ ತುಂಬಿ ತುಳುಕುತ್ತವೆ. ಶಿವರಾತ್ರಿಗೂ ಹಾಗೇ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುತ್ತದೆ, ಆ ವಾರ ಉಡುಪಿಯ ಸುತ್ತ ಗಾಡಿ ನಿಲ್ಲಿಸುವ ಮಾತೇ ಇಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದುಂಟು. ಮಾರ್ಚ್ ಆದ ಮೇಲೆ ರಾತ್ರಿ ಸೆಕೆ ತಡೆಯೋಕಾಗಲ್ಲ. ನಾವು ಸಂಕ್ರಾಂತಿ ಎಳ್ಳು ಬೀರಿ ಮುಗಿಸಿ ಹೊರಡುತ್ತೇವೆ, ಶಿವರಾತ್ರಿಗೆ ಮುಂಚೆ ಸಿದ್ಧಗಂಗೆ ಜಾತ್ರೆಗೆ ಊರಿಗೆ ಬಂದಿರುತ್ತೇವೆ.

ಹಂತ 3: ಗಾಡಿ ಮತ್ತು ಕಾಗದ

ಮೊದಲ ಸಲ ಕೊಳ್ಳಲೇಬೇಡಿ. ಬೆಂಗಳೂರಿನಲ್ಲಿ ಮಲಗುವ ವ್ಯಾನುಗಳು ಬಾಡಿಗೆಗೆ ಸಿಗುತ್ತವೆ. ಒಂದು ವಾರ ತೆಗೆದುಕೊಂಡು ನೋಡಿ. ಡ್ರೈವರ್ ಜೊತೆ ಬಂದರೆ ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಮುಂಚೆಯೇ ತೀರ್ಮಾನ ಮಾಡಿ. ದಿನವಿಡೀ ಓಡಿಸಿದವರನ್ನು ಮುಂದಿನ ಸೀಟಿನಲ್ಲಿ ಮಡಚಿಕೊಂಡು ಮಲಗಿಸಿ ಮರುದಿನ ಘಟ್ಟ ಇಳಿಸುವುದು ಅಪಾಯ, ಅನ್ಯಾಯವೂ ಹೌದು. ಅವರಿಗೊಂದು ಕೋಣೆ ಹಿಡಿಯಿರಿ.

ನೋಡುವಾಗ ಒಳಗಿನ ಟೀವಿ, ಬಣ್ಣದ ದೀಪ ನೋಡಬೇಡಿ. ನಾಲ್ಕು ವಿಷಯ ನೋಡಿ. ಒಳಗೆ ನೆಟ್ಟಗೆ ನಿಲ್ಲಬಹುದಾ? ಬಗ್ಗಿ ಅಡುಗೆ ಮಾಡಿದರೆ ಮೂರನೇ ದಿನಕ್ಕೆ ಬೆನ್ನು ಹೋಗುತ್ತದೆ. ಹಾಸಿಗೆ ಮೊಣಕಾಲಿನ ಎತ್ತರಕ್ಕಿದೆಯಾ? ಒಬ್ಬರು ಎದ್ದರೆ ಇನ್ನೊಬ್ಬರನ್ನು ದಾಟಬೇಕಾ? ಬಾಗಿಲ ಹತ್ತಿರ ಗಟ್ಟಿ ಮೆಟ್ಟಿಲು, ಕೈಹಿಡಿ ಇದೆಯಾ? ಪ್ಲಾಸ್ಟಿಕ್ ಸ್ಟೂಲು ಇಟ್ಟು ಇಳಿಯುವುದು ಬೇಡವೇ ಬೇಡ. ಮರಳು ಮೆತ್ತಿದ ಒದ್ದೆ ಚಪ್ಪಲಿಯಲ್ಲಿ ಆ ಸ್ಟೂಲು ಜಾರುತ್ತದೆ.

ಹಳೇ ವ್ಯಾನು ಕೊಂಡು ಹಾಸಿಗೆ ಮಾಡಿಸುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿಯನ್ನು ಸುಮ್ನೆ ಮಾರ್ಪಾಡು ಮಾಡುವಂತಿಲ್ಲ. ಸೀಟು ಕಿತ್ತು ಹಾಸಿಗೆ ಹಾಕುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್, ಮೋಟಾರ್ ಕ್ಯಾರವಾನ್ ಅಂತ ಬೇರೆ ವರ್ಗಗಳೇ ಇವೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಟೋಲ್‌ನಲ್ಲಿ ಮಿನಿಬಸ್ ಗಾತ್ರದ ಗಾಡಿಗೆ ಕಾರಿನ ದರ ಬೀಳುವುದಿಲ್ಲ, ಹಳೇ ಕಾರಿನ ಫಾಸ್ಟ್ಯಾಗ್ ತಂದು ಅಂಟಿಸಬೇಡಿ.

ಗಾಡಿಯ ಎತ್ತರವನ್ನು ಟೇಪು ಹಿಡಿದು ಅಳೆಯಿರಿ, ಮೇಲಿನ ಸೋಲಾರ್ ಫಲಕ ಸೇರಿಸಿ. ಆ ಅಳತೆಯನ್ನು ಸ್ಟೇರಿಂಗ್ ಎದುರು ಬರೆದು ಅಂಟಿಸಿ.

ಹಂತ 4: ಕರೆಂಟಿನ ಲೆಕ್ಕ

ಇಲ್ಲಿ ಎಲ್ಲರೂ ಎಡವುತ್ತಾರೆ. ನಾವೂ ಎಡವಿದೆವು. ಮೊದಲ ಪ್ರವಾಸದಲ್ಲಿ ಕುಂದಾಪುರದ ಹತ್ತಿರ ರಾತ್ರಿ ಮೂರು ಗಂಟೆಗೆ ಫ್ಯಾನ್ ನಿಂತಿತು. ಫ್ರಿಜ್ ಕೂಡ ನಿಂತಿತು. ಎಲ್ಲಾ ಹೊಸ ಸಾಮಾನು, ಯಾವುದೂ ಕೆಟ್ಟಿರಲಿಲ್ಲ. ನಮ್ಮ ಲೆಕ್ಕ ತಪ್ಪಿತ್ತು ಅಷ್ಟೆ.

ಲೆಕ್ಕ ಕಷ್ಟ ಏನಲ್ಲ. ಕಾಗದ ತೆಗೆದುಕೊಂಡು ಬರೆಯಿರಿ. 12 ವೋಲ್ಟಿನ ಸಣ್ಣ ಫ್ರಿಜ್ ಸುಮಾರು 45 ವ್ಯಾಟ್, ದಿನದ ಅರ್ಧ ಹೊತ್ತು ಓಡುತ್ತದೆ ಅಂದುಕೊಂಡರೆ 540 ವ್ಯಾಟ್ ಅವರ್ (ವ್ಯಾಟನ್ನು ಓಡುವ ಗಂಟೆಯಿಂದ ಗುಣಿಸಿದ್ದು). 25 ವ್ಯಾಟಿನ ಎರಡು ಫ್ಯಾನ್ ರಾತ್ರಿ 9 ಗಂಟೆ ಓಡಿದರೆ 450. ದೀಪ, ಫೋನು ಸೇರಿ 100. ಒಟ್ಟು 1,090. ಅಂದರೆ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ನಿದ್ದೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರ ಇದ್ದರೆ ಅದನ್ನೂ ಸೇರಿಸಿ.

ಈಗ ಬ್ಯಾಟರಿ. 100 ಆಂಪಿಯರ್ ಅವರಿನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್ ಅವರ್ ಇರುತ್ತದೆ, ನೆಮ್ಮದಿಯಾಗಿ ಬಳಸಬಹುದಾದದ್ದು ಸಾವಿರ. ಮೋಡದ ದಿನಕ್ಕೂ ಸಾಕಾಗಬೇಕು ಅಂದರೆ 200 ಆಂಪಿಯರ್ ಅವರಿನದು ಬೇಕು. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರಿನ ಬ್ಯಾಟರಿ ತಂದು ಹಾಕುವವರಿದ್ದಾರೆ. ಅದರಲ್ಲಿ ಬರೆದಿರುವುದು 1,800 ವ್ಯಾಟ್ ಅವರ್, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಹಾಳಾಗುತ್ತದೆ. ತೂಕವೂ 50 ಕಿಲೋ ಮೇಲೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಮಲಗುವ ಹಾಸಿಗೆಯ ಕೆಳಗೆ ಅದನ್ನು ಇಡಲೇಬಾರದು.

ನಮ್ಮ ಬ್ಯಾಟರಿ ಖಾಲಿಯಾಗಿದ್ದಕ್ಕೆ ಕಾರಣ ಕೆಟಲ್. ಎರಡು ಸಲ ಕಾಫಿ, ಒಂದು ಸಲ ಬಿಸಿನೀರು. 1,500 ವ್ಯಾಟಿನ ಕೆಟಲ್ ಹತ್ತು ನಿಮಿಷ ಓಡಿದರೆ 250 ವ್ಯಾಟ್ ಅವರ್ ಹೋಯಿತು. ಆ ರಾತ್ರಿಯ ಮೇಲೆ ಬಿಸಿ ಮಾಡುವ ಯಾವುದನ್ನೂ ಬ್ಯಾಟರಿಗೆ ಹಾಕಿಲ್ಲ. ಎಸಿ, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ ಎಲ್ಲಾ ಪ್ಲಗ್ ಸಿಕ್ಕಿದ ದಿನಕ್ಕೆ ಮಾತ್ರ.

ಸೋಲಾರ್ ಬಗ್ಗೆ: 400 ವ್ಯಾಟಿನ ಫಲಕ ಜನವರಿಯ ಬಿಸಿಲಿಗೆ ದಿನದ ಖರ್ಚು ತುಂಬಿಸುತ್ತದೆ, ಗಾಡಿ ಬಿಸಿಲಲ್ಲಿ ನಿಂತಿದ್ದರೆ. ನೆರಳಲ್ಲಿ ನಿಲ್ಲಿಸಿದರೆ ಸೋಲಾರ್ ಇಲ್ಲ, ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಕೂರೋಕಾಗಲ್ಲ. ಮಧ್ಯಾಹ್ನದವರೆಗೆ ಬಿಸಿಲಲ್ಲಿಟ್ಟು ನಾವು ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಓಡುವಾಗ ಇಂಜಿನ್‌ನಿಂದ ಚಾರ್ಜ್ ಆಗುವ ಸಾಧನವನ್ನೂ ಹಾಕಿಸಿ.

ಹೋಂಸ್ಟೇಯ ಪ್ಲಗ್‌ಗೆ ಚುಚ್ಚುವ ಮುಂಚೆ ಅರ್ಥಿಂಗ್ ಪರೀಕ್ಷಿಸುವ ಸಣ್ಣ ಟೆಸ್ಟರ್ ಹಾಕಿ ನೋಡಿ. ಅರ್ಥಿಂಗ್ ಇಲ್ಲದ ಪ್ಲಗ್, ತಗಡಿನ ಮೈಯ ಗಾಡಿ, ಒದ್ದೆ ಕಾಲು ಮೂರೂ ಸೇರಿದರೆ ಜೀವಕ್ಕೇ ಅಪಾಯ. ವೈರು 2.5 ಚದರ ಮಿ.ಮೀ. ದಪ್ಪದ್ದಿರಲಿ. ಉದ್ದ ಹೆಚ್ಚಿದ್ದರೆ ಸುರುಳಿಯಲ್ಲೇ ಬಿಡಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುರುಳಿ ಸುತ್ತಿದ ವೈರು ಬಿಸಿಯಾಗಿ ಕರಗುತ್ತದೆ.

ಹಂತ 5: ನೀರು, ಗ್ಯಾಸು, ಶೌಚ

ಇಬ್ಬರಿಗೆ ಕುಡಿಯೋಕೆ, ಅಡುಗೆಗೆ, ಪಾತ್ರೆಗೆ ದಿನಕ್ಕೆ 20 ಲೀಟರ್ ಸಾಕು. ಸ್ನಾನ ಹೊರಗೆ. 100 ಲೀಟರ್ ಅಂದರೆ 100 ಕಿಲೋ. ಅದನ್ನು ತುಮಕೂರಿನಿಂದ ಹೊತ್ತು ಘಟ್ಟ ಇಳಿಸಬೇಡಿ. ಕಾಲು ಭಾಗ ತುಂಬಿಕೊಂಡು ಹೊರಡಿ, ಘಟ್ಟ ಇಳಿದ ಮೇಲೆ ಪೂರ್ತಿ ತುಂಬಿಸಿ. ಕಡಲ ಹತ್ತಿರದ ಬಾವಿ ನೀರನ್ನು ಮೊದಲು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ ನೋಡಿ. ಸವುಳಾಗಿದ್ದರೆ ಟ್ಯಾಂಕಿಗೆ ಬಿಡಬೇಡಿ. ಬಿಪಿ ಇದ್ದವರಿಗಂತೂ ಬೇಡ.

ಗ್ಯಾಸಿಗೆ ಮನೆಯ ದೊಡ್ಡ ಸಿಲಿಂಡರ್ ತರಬೇಡಿ. 5 ಕಿಲೋ ಸಿಲಿಂಡರ್ ಕಾನೂನಿನ ಪ್ರಕಾರವೇ ಸಿಗುತ್ತದೆ. ನಿಂತ ಹಾಗೆ ಬೆಲ್ಟಿನಿಂದ ಬಿಗಿಯಿರಿ, ಓಡುವಾಗ ರೆಗ್ಯುಲೇಟರ್ ಬಿಚ್ಚಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಹಾಸಿಗೆಯಲ್ಲಿ ಮಲಗಿದವರಿಗೆ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಆದಷ್ಟೂ ಹೊರಗೇ ಒಲೆ ಇಡಿ. ಮಲಗಿದಾಗ ಇಂಜಿನ್ ಚಾಲೂ ಇಡುವುದು, ಒಳಗೆ ಕೆಂಡ ಇಡುವುದು, ಪಕ್ಕದಲ್ಲಿ ಜನರೇಟರ್ ಓಡಿಸುವುದು ಯಾವತ್ತೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದನ್ನು ಗುರುತಿಸುವ ಅಲಾರಂ ಒಂದು ಕೊಂಡು ತಲೆದಿಂಬಿನ ಹತ್ತಿರ ಹಾಕಿ.

ರಾತ್ರಿ ಎದ್ದೇಳುವ ವಯಸ್ಸು ನಮ್ಮದು, ಅಲ್ವಾ? ಕತ್ತಲಲ್ಲಿ ಗೊತ್ತಿಲ್ಲದ ಅಂಗಳ ದಾಟಿ ಹೋಗುವುದಕ್ಕಿಂತ ಒಳಗೊಂದು ಸಣ್ಣ ಪೋರ್ಟಬಲ್ ಕಮೋಡ್ ಇರಲಿ. ಅದರ ಡಬ್ಬಿಯನ್ನು ಹೋಂಸ್ಟೇಯ ಯಜಮಾನರ ಒಪ್ಪಿಗೆ ಕೇಳಿ ಅವರ ಶೌಚಾಲಯಕ್ಕೇ ಸುರಿಯಬೇಕು. ಹೊಳೆಗೆ, ಹೊಳೆ ಕಡಲು ಸೇರುವ ಅಳಿವೆಗೆ, ಅಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡಕ್ಕೆ ಸುರಿಯಬೇಡಿ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಸೊಂಟದವರೆಗೆ ಕೆಸರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆಯುವುದನ್ನು ನೋಡಿದ್ದೇನೆ. ಅವರ ಅನ್ನಕ್ಕೆ ನಮ್ಮ ಕೊಳಕು ಸೇರಬಾರದು.

ಹಂತ 6: ಅಂಗಳದಲ್ಲಿ ಎರಡು ರಾತ್ರಿ

ಇದನ್ನು ಯಾರೂ ಮಾಡುವುದಿಲ್ಲ, ನಾಚಿಕೆ ಪಡುತ್ತಾರೆ. ಮನೆ ಮುಂದೆ ಗಾಡಿ ನಿಲ್ಲಿಸಿ ಎರಡು ರಾತ್ರಿ ಅದರಲ್ಲೇ ಮಲಗಿ. ಮನೆಯೊಳಗೆ ಹೋಗಬೇಡಿ. ಮನೆಯ ಕರೆಂಟು ಚುಚ್ಚಬೇಡಿ. ರಾತ್ರಿ ಅನ್ನ, ಸಾರು ಅದರಲ್ಲೇ ಮಾಡಿ.

ಏನೇನಕ್ಕೆ ಮನೆಯೊಳಗೆ ಓಡಬೇಕು ಅನ್ನಿಸಿತೋ ಒಂದೊಂದನ್ನೂ ಬರೆದಿಡಿ. ನಮ್ಮ ಪಟ್ಟಿಯಲ್ಲಿ ಈಳಿಗೆಮಣೆ, ಕನ್ನಡಕ ಇಡೋಕೆ ಗೂಡು, ಸೊಳ್ಳೆ ಪರದೆ, ಎರಡನೇ ಟಾರ್ಚು ಇದ್ದವು. ಬಳಸದೇ ಉಳಿದ ಸಾಮಾನನ್ನು ಇಳಿಸಿಬಿಡಿ. ನಾವು ಮಿಕ್ಸಿ, ಮೂರು ಪಾತ್ರೆ, ಒಂದು ಚೀಲ ಬಟ್ಟೆ ಇಳಿಸಿದೆವು.

ಮೂರನೇ ದಿನ ದೇವರಾಯನದುರ್ಗ ಹತ್ತಿ ಇಳಿಯಿರಿ. ಊರಿಂದ ಸುಮಾರು 15 ಕಿ.ಮೀ., ತಿರುವುಗಳಿರುವ ರಸ್ತೆ. ಯಾವ ಕಪಾಟಿನ ಬಾಗಿಲು ತೆರೆದುಕೊಳ್ಳುತ್ತದೆ, ಯಾವ ಡಬ್ಬಿ ಉರುಳುತ್ತದೆ, ಇಳಿಜಾರಿನಲ್ಲಿ ಬ್ರೇಕು ಹೇಗೆ ಹಿಡಿಯುತ್ತದೆ ಎಲ್ಲಾ ಇಲ್ಲೇ ಗೊತ್ತಾಗಲಿ. ಕಡಲಿಗೆ ಇಳಿಯುವ ಗೇರುಸೊಪ್ಪೆ ಘಟ್ಟದ ತಿರುವಿನಲ್ಲಿ ಗೊತ್ತಾಗುವುದು ಬೇಡ.

ಹಂತ 7: ದಾರಿಯನ್ನು ಮೂರು ದಿನಕ್ಕೆ ಹಂಚುವುದು

ನಮ್ಮೂರಿನ ಬಿ.ಎಚ್. ರಸ್ತೆಯ ಎಚ್ ಅಂದರೆ ಹೊನ್ನಾವರ. ಬೆಂಗಳೂರು–ಹೊನ್ನಾವರ ರಸ್ತೆ. ನಿಮ್ಮ ಮನೆ ಮುಂದಿನಿಂದಲೇ ಕಡಲಿಗೆ ದಾರಿ ಇದೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಜೋಗದ ಪಕ್ಕ, ಗೇರುಸೊಪ್ಪೆ, ಹೊನ್ನಾವರ. ಒಟ್ಟು ಸುಮಾರು 370 ಕಿ.ಮೀ.

ಕಾರಿನಲ್ಲಿ ಒಂದೇ ದಿನಕ್ಕೆ ಹೋಗುವ ದಾರಿ ಇದು. ಅದಕ್ಕೇ ಎಲ್ಲರೂ ವ್ಯಾನಿನಲ್ಲೂ ಒಂದೇ ದಿನಕ್ಕೆ ಹೊರಟು ಸಂಜೆ ಘಟ್ಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ದಿನ ಕಡೂರು, ಬೀರೂರಿನ ಹತ್ತಿರ ನಿಲ್ಲಿ. ಎರಡನೇ ದಿನ ಸಾಗರ. ಮೂರನೇ ದಿನ ಬೆಳಿಗ್ಗೆ ಘಟ್ಟ. ದಿನಕ್ಕೆ 150 ಕಿ.ಮೀ. ದಾಟಬೇಡಿ. ಮಧ್ಯಾಹ್ನ ಮೂರೂವರೆಗೆ ರಾತ್ರಿಯ ಜಾಗ ಸೇರಿರಬೇಕು. ಜಾಗ ಸರಿ ಇಲ್ಲದಿದ್ದರೆ ಬೇರೆ ನೋಡೋಕೆ ಬೆಳಕಿರುತ್ತದೆ.

ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಕೂತೇ ಇದ್ದರೆ ಕಾಲು ಊದುತ್ತದೆ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ಹಂತ 8: ಘಟ್ಟ ಇಳಿಯುವುದು

ಜೋಗ ದಾಟಿ ಮಾವಿನಗುಂಡಿ ಆದ ಮೇಲೆ ಕಾಡು ಶುರು. ಸಿಂಗಳೀಕಗಳಿರುವ ಕಾಡು ಇದು. ಕೋತಿಗೆ ಏನೂ ಹಾಕಬೇಡಿ, ನಿಲ್ಲಿಸಲೂ ಬೇಡಿ.

ನಿಯಮ ಒಂದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಆ ಗೇರಿನಲ್ಲೇ ಇಳಿಯಿರಿ. ಎರಡನೇ ಗೇರು, ಕಡಿದಾದ ಕಡೆ ಒಂದನೇ ಗೇರು. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಬ್ರೇಕನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಕಾಲು ಬ್ರೇಕಿನ ಮೇಲೆ ಇಟ್ಟೇ ಇಳಿಯುವುದು ಎಲ್ಲರೂ ಮಾಡುವ ತಪ್ಪು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಹಳೇ ಚಾಳಿ ಇದ್ದರೆ ಇಲ್ಲಿ ಬೇಡ.

ಮೊದಲ ವರ್ಷ ನಮಗೆ ಅರ್ಧ ಘಟ್ಟದಲ್ಲಿ ವಾಸನೆ ಬಂತು. ಸುಟ್ಟ ಕೂದಲಿನ ಹಾಗೆ, ಮೂಗಿಗೆ ಚುಚ್ಚುವ ವಾಸನೆ. ನಾನು ಒಲೆಯ ಕಡೆ ತಿರುಗಿ ನೋಡಿದೆ. ಅದು ಬ್ರೇಕು. ಆಮೇಲೆ ಪೆಡಲು ಮೆತ್ತಗಾಯಿತು ಅಂದರು ನಮ್ಮನೆಯವರು, ದಿನಾ ನಿಲ್ಲುವ ಜಾಗಕ್ಕಿಂತ ಒಳಗೆ ಹೋಗುತ್ತಿತ್ತು. ಒಂದನೇ ಗೇರಿಗೆ ಇಳಿಸಿ, ರಸ್ತೆ ಅಗಲವಾದ ಕಡೆ ಬದಿಗೆ ಹಾಕಿದರು. ಚಕ್ರದಿಂದ ಒಂದು ಗೇಣು ದೂರಕ್ಕೆ ಕೈ ಹಿಡಿದರೂ ರೊಟ್ಟಿ ಹಂಚಿನ ಮೇಲೆ ಹಿಡಿದ ಹಾಗಿತ್ತು. ಮುಕ್ಕಾಲು ಗಂಟೆ ಕೂತೆವು.

ನಿಮಗೂ ಹಾಗಾದರೆ ಚಕ್ರಕ್ಕೆ ಕಲ್ಲು ಕೊಡಿ, ಗೇರಿನಲ್ಲೇ ಬಿಡಿ. ನೀರು ಹೊಯ್ಯಬೇಡಿ, ಬಿಸಿಯಾದ ಡಿಸ್ಕು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ವಾಸನೆ ಹೋಗಿ, ಪೆಡಲು ಮೊದಲಿನ ಹಾಗೆ ಗಟ್ಟಿಯಾದ ಮೇಲೆ ಮಾತ್ರ ಹೊರಡಿ. ಹೊನ್ನಾವರದಲ್ಲಿ ಮೆಕ್ಯಾನಿಕ್‌ಗೆ ತೋರಿಸಿ.

ಹಿಂದೆ ಬಸ್ಸು ಹಾರ್ನ್ ಮಾಡಿದರೆ ಗಾಬರಿ ಬೇಡ. ಜಾಗ ಸಿಕ್ಕಿದಲ್ಲಿ ಬದಿಗೆ ಹೋಗಿ ಬಿಟ್ಟುಕೊಡಿ.

ಹಂತ 9: ಕಡಲ ಪಕ್ಕ ನಿಲ್ಲಿಸುವುದು

ಹೊನ್ನಾವರದಲ್ಲಿ ಹೆದ್ದಾರಿ 66 ಸಿಗುತ್ತದೆ. ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಕಾಸರಕೋಡು, ಮುರುಡೇಶ್ವರ, ಬೈಂದೂರು, ಒಂದು ಕಡೆ ಸೌಪರ್ಣಿಕಾ ಹೊಳೆ ಇನ್ನೊಂದು ಕಡೆ ಕಡಲು ಇರುವ ಮರವಂತೆ, ಕುಂದಾಪುರ, ಮಲ್ಪೆ, ಕಾಪು, ಪಡುಬಿದ್ರಿ. ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಅಲ್ಲಿ ಶೌಚಾಲಯ, ನಡೆಯೋಕೆ ಹಾದಿ ಇರುವುದರಿಂದ ಮಂಡಿ ನೋವಿನವರಿಗೆ ಅನುಕೂಲ. ಹಗಲು ಅಲ್ಲಿ ಕಳೆಯಿರಿ, ರಾತ್ರಿ ಹೋಂಸ್ಟೇಗೆ ಬನ್ನಿ. ಒಂದೊಂದು ಕಡೆ ಕಡಿಮೆ ಅಂದರೂ ಮೂರು ರಾತ್ರಿ ಇರಿ.

ಮರಳಿನ ಮೇಲೆ ಗಾಡಿ ಹಾಕಬೇಡಿ. ಗಟ್ಟಿಯಾಗಿ ಕಂಡರೂ ಬೇಡ. ಒಂದು ಸಂಜೆ ಗಾಳಿಮರದ ತೋಪಿನ ಅಂಚಲ್ಲಿ ನಿಲ್ಲಿಸಿದ್ದೆವು. ಬೆಳಿಗ್ಗೆ ಹೊರಡುವಾಗ ಹಿಂದಿನ ಚಕ್ರ ಒಂದೇ ಸುತ್ತಿಗೆ ಕುಸಿಯಿತು. ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿದ್ದೇ ತಪ್ಪಾಯಿತು, ರಿಮ್ಮಿನವರೆಗೆ ಹೂತಿತು. ಬಲೆ ಎಳೆಯಲು ಬಂದಿದ್ದ ಎಂಟು ಜನ ಮೀನುಗಾರರು ಹಲಗೆ ಕೊಟ್ಟು, ತೆಂಗಿನ ನಾರಿನ ಹಗ್ಗ ಕಟ್ಟಿ ಎಳೆದು ಬಿಡಿಸಿದರು. ದುಡ್ಡು ಕೊಟ್ಟರೆ ಒಬ್ಬರೂ ಮುಟ್ಟಲಿಲ್ಲ.

ಹೂತರೆ ಹೀಗೆ ಮಾಡಿ. ತಕ್ಷಣ ಆಕ್ಸಿಲರೇಟರ್ ಬಿಡಿ. ಭಾರ ಇಳಿಸಿ. ಚಕ್ರದ ಹಿಂದಿನ ಮರಳನ್ನು ಇಳಿಜಾರಾಗಿ ತೋಡಿ. ಟೈರಿನ ಗಾಳಿಯನ್ನು ಮೂರನೇ ಒಂದು ಭಾಗ ಇಳಿಸಿ, ಹಲಗೆ ಅಥವಾ ನಾರಿನ ಚಾಪೆ ಕೊಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಡಾಂಬರು ರಸ್ತೆ ಮುಟ್ಟಿದ ಕೂಡಲೇ ಗಾಳಿ ತುಂಬಿಸಿ. ಅದಕ್ಕೆ 12 ವೋಲ್ಟಿನ ಗಾಳಿ ಪಂಪು ಜೊತೆಗಿರಬೇಕು. ನೀರಿನ ಗುರುತೂ ನೋಡಿ: ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಮೇಲೆ ಬರುತ್ತದೆ.

ತೆಂಗಿನ ಮರದ ಕೆಳಗೂ ಬೇಡ. ತಿಪಟೂರಿನ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾಯಿ ಬಿದ್ದರೆ ಮೊದಲು ಸೋಲಾರ್ ಫಲಕ ಹೋಗುತ್ತದೆ.

ದಿಕ್ಕು ಹೀಗಿರಲಿ. ಗಾಡಿಯ ಮೂತಿ ದಕ್ಷಿಣಕ್ಕೆ ನಿಲ್ಲಿಸಿದರೆ ಎಡಗಡೆಯ ಬಾಗಿಲು ಪೂರ್ವಕ್ಕೆ ಬರುತ್ತದೆ. ಬೆಳಗಿನ ಬಿಸಿಲು ಒಳಗೆ ಬಂದು ಹಾಸಿಗೆ ಒಣಗುತ್ತದೆ. ಮಧ್ಯಾಹ್ನದ ಮೇಲೆ ಗಾಡಿಯದೇ ನೆರಳು ಬಾಗಿಲ ಮುಂದೆ ಬೀಳುತ್ತದೆ, ಕುರ್ಚಿ ಹಾಕಿಕೊಳ್ಳಬಹುದು. ಕಡಲಿನ ಉಪ್ಪು ಗಾಳಿ ನೇರವಾಗಿ ಒಳಗೆ ಬರುವುದಿಲ್ಲ. ರಾತ್ರಿ ಕಳೆದಂತೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಎರಡೂ ಬದಿಯ ಕಿಟಕಿಗೆ ಸೊಳ್ಳೆ ಜಾಲರಿ ಇದ್ದು, ಎರಡನ್ನೂ ತೆರೆದಿಟ್ಟರೆ ಜನವರಿಯಲ್ಲಿ ಬೆಳಗಿನ ಜಾವ ತೆಳು ಹೊದಿಕೆ ಬೇಕಾಗುತ್ತದೆ. ಜಾಲರಿ ಬಿಟ್ಟು ಕಿಟಕಿ ತೆರೆಯಬೇಡಿ, ಮಲೇರಿಯಾ, ಡೆಂಗಿ ಎರಡೂ ಇರುವ ಕಡೆ.

ಹಾಸಿಗೆಯನ್ನು ದಿನಾ ಎತ್ತಿ ನಿಲ್ಲಿಸಿ. ಅಡಿಯಲ್ಲಿ ಬೂಷ್ಟು ಬೇಗ ಬರುತ್ತದೆ. ಅಡಿಗೆ ಕೈ ಹಾಕಿದಾಗ ತಣ್ಣಗೆ, ಪಸೆಯಾಗಿ ತಾಗಿದರೆ ಅದೇ ಸೂಚನೆ.

ನೀರಿಗೆ ಇಳಿಯುವಾಗ ಮೊಣಕಾಲು ದಾಟಬೇಡಿ. ಜೀವರಕ್ಷಕರು ಬೇಡ ಅಂದರೆ ಬೇಡ.

ಒಂದು ಸಣ್ಣ ವಿಷಯ. ಜನವರಿಯಲ್ಲಿ ನಮ್ಮ ಕಡೆ ಸೊಗಡು ಅವರೆ ಇರುತ್ತದೆ. ಎರಡು ಕಿಲೋ ಕಾಯಿ ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಮೊದಲ ಹೋಂಸ್ಟೇಯ ಅಮ್ಮನ ಕೈಗೆ ಕೊಡುತ್ತೇನೆ. ಇಬ್ಬರೂ ಜಗಲಿಯಲ್ಲಿ ಕೂತು ಬಿಡಿಸುತ್ತೇವೆ. ಅವರು ಕುಚ್ಚಲಕ್ಕಿ ಗಂಜಿ ಮಾಡಿ ಕೊಡುತ್ತಾರೆ. ಮುಂದಿನ ಊರಿನಲ್ಲಿ ಯಾರ ಅಂಗಳ ದೊಡ್ಡದಿದೆ, ಯಾರ ಬಾವಿ ಸಿಹಿ ಅನ್ನುವುದು ಅಲ್ಲೇ ತಿಳಿಯುತ್ತದೆ.

ಹಂತ 10: ವಾಪಸ್ ಬಂದ ದಿನವೇ

ನಾಳೆ ತೊಳೆಯೋಣ ಅಂದುಕೊಂಡರೆ ಉಪ್ಪು ತಗಡಿನಲ್ಲೇ ಕೂರುತ್ತದೆ. ಬಂದ ದಿನವೇ ಸಿಹಿನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಸಿ. ಚಕ್ರದ ಗೂಡು, ಬಾಗಿಲಿನ ಹಳಿ, ಮೆಟ್ಟಿಲಿನ ಕೆಳಗೆ ಜಾಸ್ತಿ ನೀರು ಹಾಯಿಸಿ. ಬ್ಯಾಟರಿಯ ತುದಿಗಳಲ್ಲಿ ಹಸಿರು, ಬಿಳಿ ಪುಡಿ ಕಂಡರೆ ವೈರು ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಜೋಡಿಸಿ ವ್ಯಾಸಲೀನ್ ಸವರಿ. ನೀರಿನ ಟ್ಯಾಂಕು, ಕಮೋಡಿನ ಡಬ್ಬಿ ಖಾಲಿ ಮಾಡಿ ಮುಚ್ಚಳ ತೆಗೆದು ಬಿಸಿಲಿಗಿಡಿ. ಸಿಲಿಂಡರ್ ಇಳಿಸಿ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟು ಮುಖ್ಯ ಸ್ವಿಚ್ ಆರಿಸಿ. ಫ್ರಿಜ್ ಒರೆಸಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಮಡಚಿದ ಹಳೇ ಟವೆಲ್ ಒಂದನ್ನು ಸಂದಿಗೆ ಕೊಟ್ಟು ಬನ್ನಿ.